ಅಂಟು ಬಿಟ್ಟ ಮೂಲೆ

ಹರಿದ ಊರುಗಳನ್ನು ಅಂಟಿಸುವುದು ನನ್ನ ಕೆಲಸ. ನಕ್ಷೆ ಕಚೇರಿಯ ಮೆಟ್ಟಿಲ ಕೆಳಗೆ, ನೆಲದ ಮೇಲೆ ಮಂಡಿಯೂರಿ ಮಾಡುವ ಕೆಲಸ. ನೂರು ವರ್ಷದ ಕಾಗದ ಮಡಿಕೆಯಲ್ಲಿ ಸೀಳುತ್ತದೆ. ಹೊಳೆ ಎರಡು ತುಂಡಾಗುತ್ತದೆ. ಗುಡ್ಡದ ಬುಡ ಒಂದು ಕಡೆ, ತಲೆ ಇನ್ನೊಂದು ಕಡೆ. ನಾನು ಹಿಂದಿನ ಹಳೆ ಬಟ್ಟೆ ಬಿಡಿಸಿ, ಹೊಸ ಬಟ್ಟೆ ಎಳೆದು ಹಾಸಿ, ಅಂಟು ಬಳಿದು, ಹೊಳೆಗೆ ಹೊಳೆ ಕೂಡಿಸುತ್ತೇನೆ, ಗುಡ್ಡಕ್ಕೆ ತಲೆ ಕೊಡುತ್ತೇನೆ. ದೇವರು ಮಾಡುವ ಕೆಲಸ ಎನ್ನಬಹುದು. ಆದರೆ ದೇವರಿಗೆ ಮಂಡಿ ಊದುವುದಿಲ್ಲ.

ಕಚೇರಿಯಲ್ಲಿ ನನ್ನನ್ನು ಗೋಂದಮ್ಮ ಎನ್ನುತ್ತಾರೆ. ನಾನು ಗೋಂದು ಮುಟ್ಟುವುದೇ ಇಲ್ಲ. ಮೈದಾ ಹಿಟ್ಟನ್ನು ನೀರಲ್ಲಿ ಕದಡಿ, ಗಂಟಾಗದಂತೆ ಕುದಿಸಿ, ಹುಳ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತೇನೆ. ಮೈಲುತುತ್ತ ಹುಳವನ್ನೂ ಕೊಲ್ಲುತ್ತದೆ, ನನ್ನ ಬೆರಳ ಸಂದಿಯ ಚರ್ಮವನ್ನೂ ತಿನ್ನುತ್ತದೆ. ಅದಕ್ಕೆ ಭೇದವಿಲ್ಲ. ಭೇದವೆಲ್ಲ ಮೇಲಿನ ಮಹಡಿಯಲ್ಲಿದೆ. ಅಲ್ಲಿನವರು ಮೂಗಿಗೆ ಕರವಸ್ತ್ರ ಹಿಡಿದು ನನ್ನ ತಲೆ ಮೇಲಿನ ಮೆಟ್ಟಿಲು ಹತ್ತುತ್ತಾರೆ. ಹೊರಗಿನವರು ಬಂದ ದಿನ ನಾನು ಹಿಂಬಾಗಿಲಿಂದ ಓಡಾಡಬೇಕು. ನಕ್ಷೆ ಹಾಸುವ ದೊಡ್ಡ ಮೇಜನ್ನು ಒರೆಸಬಹುದು, ಅದರ ಮೇಲೆ ಕೆಲಸ ಮಾಡುವಂತಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಏಕೆಂದರೆ ನಾನು ತಾತ್ಕಾಲಿಕ. ಹದಿನಾಲ್ಕು ವರ್ಷದಿಂದ ತಾತ್ಕಾಲಿಕ. ಅಷ್ಟರಲ್ಲಿ ಮೂರು ಜನ ಕಾಯಂ ಸಾಹೇಬರು ಬಂದು ಹೋದರು, ಈಗಿರುವವರು ನಾಲ್ಕನೆಯವರು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಅಂಟಾಗಿತ್ತು. ಹಾಗಾಗಿ ಬಾಯಿಯೂ ಅಂಟಿಕೊಂಡೇ ಇತ್ತು.

ನಮ್ಮ ಕಚೇರಿಯ ಹಳೆಯ ನಕ್ಷೆಗಳೆಲ್ಲ ರೈತರ ಸೀಮೆಯವು. ಆ ಸೀಮೆಯನ್ನು ಮೊದಲ ಸಲ ಅಳೆದಾಗ ಕೈಯಲ್ಲೇ ಬರೆದವು. ಏರುತಗ್ಗಿಗೆ ಕಂದು ಗೆರೆ, ನೀರಿಗೆ ನೀಲಿ, ಮರಕ್ಕೆ ಹಸಿರು, ಮನೆಗೆ ಕಪ್ಪು ಚೌಕ. ಬಾವಿ, ಕಣ, ಗಾಡಿ ದಾರಿ, ಬಿದ್ದ ಗೋಡೆ, ದನ ನೀರು ಕುಡಿಯುವ ಹೊಂಡ, ಒಂದನ್ನೂ ಬಿಟ್ಟಿಲ್ಲ. ಬಯಲಲ್ಲಿ ಸುಮ್ಮನೆ ನಿಂತಿದ್ದ ಒಂಟಿ ಮರಕ್ಕೂ ಒಂದು ಗುರುತು ಸಿಕ್ಕಿದೆ.

ನಮ್ಮ ಕೇರಿಗೆ ಸಿಕ್ಕಿಲ್ಲ. ನಮ್ಮ ಕಡೆಯ ನಕ್ಷೆಯ ಕೆಳಗಿನ ಬಲ ಮೂಲೆಯಲ್ಲಿ ಒಂದು ಚೌಕಟ್ಟಿದೆ. ಅದು ಗುರುತುಗಳ ಪಟ್ಟಿ. ಈ ಗೆರೆ ಎಂದರೆ ದಾರಿ, ಈ ಸೊನ್ನೆ ಎಂದರೆ ಬಾವಿ ಎಂದು ಓದುವವರಿಗೆ ತಿಳಿಸುವ ಪಟ್ಟಿ. ಆ ಪಟ್ಟಿ ಕೂತಿರುವುದು ಸರಿಯಾಗಿ ನಮ್ಮ ಕೇರಿಯ ಮೇಲೆ. ಎಲ್ಲ ಕಚೇರಿಗಳ ಗೋಡೆಯ ಮೇಲೂ ಇದರದ್ದೇ ಅಚ್ಚಾದ ಪ್ರತಿ ನೇತಾಡುತ್ತದೆ. ಹೊಳೆಯ ತಿರುವು, ಗುಡ್ಡದ ಮೂಗು ಎರಡನ್ನೂ ಬೆರಳಲ್ಲಿ ಅಳೆದು ನೋಡಿ ನಾನು ಇದನ್ನು ಕಂಡುಹಿಡಿದೆ. ಆ ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಗಂಡ ಲಾರಿಗೆ ಮೂಟೆ ಹೇರಲು ಹೋದರೆ ವಾರಗಟ್ಟಲೆ ಬರುವುದಿಲ್ಲ, ಮನೆಯಲ್ಲಿ ನಾನು ಮಾತಾಡುವುದು ಅತ್ತೆಯ ಜೊತೆಯೇ.

"ಅಂದ್ರೆ ಇಷ್ಟು ವರ್ಷ ನಾವು ಪಟ್ಟಿ ಕೆಳಗೆ ಸಂಸಾರ ಮಾಡಿದ್ವಾ?" ಎಂದರು ಅತ್ತೆ.

"ಹೂಂ. ನಮ್ಮನೆ ಒಂಟಿ ಮರ ಅಂತ ಬರೆದಿರೋ ಕಡೆ ಬರುತ್ತೆ."

"ಮತ್ತೆ ಬಾವಿ?"

"ಬಾವಿಯ ಗುರುತಿಗಿಂತ ಒಂದು ಬೆರಳು ಕೆಳಗೆ."

"ಪರವಾಗಿಲ್ಲ. ಹತ್ತಿರ ಹತ್ತಿರ ಬಂದಿದಾರೆ."

ಅತ್ತೆಗೆ ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಅಭ್ಯಾಸವಿಲ್ಲ. ಹನ್ನೆರಡನೇ ವರ್ಷದಿಂದ ಬೇರೆಯವರ ಹೊಲದಲ್ಲಿ ಬಗ್ಗಿದವರು. ಕುಡುಗೋಲು ಹಿಡಿದು ಹಿಡಿದು ಅವರ ಬಲಗೈ ಬೆರಳು ಪೂರ್ತಿ ಬಿಚ್ಚುವುದಿಲ್ಲ. ಅವರ ಮಾವನ ಅಜ್ಜ, ಆ ಮೊದಲ ಅಳತೆಯವರು ಬಂದಾಗ, ಅವರ ನಕ್ಷೆ ಬರೆಯುವ ಮೇಜನ್ನು ತಲೆ ಮೇಲೆ ಹೊತ್ತು ಗುಡ್ಡ ಹತ್ತಿದ್ದನಂತೆ. ಕೇರಿಯ ಉಳಿದ ಗಂಡಸರು ಡೇರೆ, ಸರಪಳಿ, ಕಲ್ಲು ಹೊತ್ತರಂತೆ. "ಮೇಜು ಹೊತ್ತೋನ ಮನೆ ಮೇಜಿನ ಮೇಲೆ ಬರಲಿಲ್ಲ ನೋಡು," ಎಂದು ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ಈ ವರ್ಷ ಕೇರಿಗೆ ನೋಟಿಸು ಬಂತು. ಕಾಳು ತುಂಬಿಡಲು ಅಲ್ಲೊಂದು ದೊಡ್ಡ ಉಗ್ರಾಣ ಕಟ್ಟುತ್ತಾರಂತೆ. ಮೊದಲ ಅಳತೆಯ ನಕ್ಷೆಯಲ್ಲಿ ವಸತಿ ಎಂದು ಗುರುತಿದ್ದರೆ ಜಾಗ ಅಲ್ಲಿರುವವರದು, ಇಲ್ಲದಿದ್ದರೆ ಒತ್ತುವರಿ, ಖಾಲಿ ಮಾಡಬೇಕು. ವಿಚಾರಣೆಗೆ ದಿನ ಗೊತ್ತುಮಾಡಿದ್ದರು. ನಮ್ಮದು ಮೂವತ್ತನಾಲ್ಕು ಮನೆ. ನೋಟಿಸನ್ನು ನಾನೇ ಓದಿ ಹೇಳಿದೆ.  ಕೇಳಿದ ಅತ್ತೆ, "ನಾನು ಹುಟ್ಟಿದ್ದು ಒತ್ತುವರಿ, ಮದುವೆ ಆಗಿದ್ದು ಒತ್ತುವರಿ. ಸತ್ತರೆ ಅದನ್ನಾದರೂ ಸಕ್ರಮ ಮಾಡ್ತಾರಾ ಕೇಳು," ಎಂದರು. ಆಗ ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬಳು ಅಳಲು ಶುರುಮಾಡಿದಳು.

ಮರುವಾರ ಸಾಹೇಬರು ನನ್ನನ್ನು ಕೂಗಿದರು. ವಿಚಾರಣಾಧಿಕಾರಿ ಅಚ್ಚಾದ ಪ್ರತಿ ಬೇಡ, ಕೈಬರಹದ ಮೂಲ ಪ್ರತಿಯೇ ಬೇಕು ಎಂದಿದ್ದರಂತೆ. ಅದು ಕಪಾಟಿನಲ್ಲಿ ನಾಲ್ಕು ತುಂಡಾಗಿ ಬಿದ್ದಿತ್ತು.

"ಮೂರು ದಿನದಲ್ಲಿ ಬಟ್ಟೆ ಹಾಕಿ ರೆಡಿ ಮಾಡು ಗೋಂದಮ್ಮ. ದೊಡ್ಡ ಕೇಸು. ನಮ್ಮ ನಕ್ಷೆ ಅಲ್ಲಿ ಮಾತಾಡಬೇಕು."

"ಏನಂತ ಮಾತಾಡಬೇಕು ಸಾರ್?"

"ಅಲ್ಲಿ ಏನೂ ಇರಲಿಲ್ಲ ಅಂತ."

ಅದು ನನ್ನ ಕೇರಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಬೆಳಗ್ಗೆ ಮೆಟ್ಟಿಲ ಕೆಳಗಿಂದ ಹುಟ್ಟಿ ಸಂಜೆ ಅಲ್ಲೇ ಮುಳುಗುತ್ತೇನೆ ಎಂದು ತಿಳಿದಿದ್ದರೋ ಏನೋ. ನಾನೂ ಹೇಳಲಿಲ್ಲ. ಹೇಳಿದ್ದರೆ ನಕ್ಷೆ ನನ್ನ ಕೈಗೆ ಸಿಗುತ್ತಿರಲಿಲ್ಲ.

ಹಳೆ ಬಟ್ಟೆ ಬಿಡಬೇಕಾದರೆ ಹಾಳೆಯನ್ನು ನೆನೆಸಬೇಕು. ಒದ್ದೆ ಬಟ್ಟೆ ಹೊದಿಸಿ, ಅರ್ಧ ದಿನ ಬಿಟ್ಟು, ಮತ್ತೆ ಒದ್ದೆ ಮಾಡಿ, ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಬೇಕು. ಅವಸರ ಮಾಡಿದರೆ ಗುಡ್ಡವೇ ಕಿತ್ತು ಬರುತ್ತದೆ. ಎರಡನೇ ದಿನ ಮಧ್ಯಾಹ್ನ ನಾಲ್ಕನೇ ತುಂಡಿಗೆ ಬಂದೆ. ಬೆನ್ನು ಹಲಗೆಯಾಗಿತ್ತು. ನಕ್ಷೆಯನ್ನು ಮಗುಚಿ ಹಾಕಿದಾಗ ಗುರುತುಗಳ ಪಟ್ಟಿಯ ಒಂದು ಮೂಲೆ ಎದ್ದು ನಿಂತಿತ್ತು.

ನಾನು ಕೈ ಹಿಂದೆಗೆದುಕೊಂಡೆ. ನಕ್ಷೆ ಹಾಳುಮಾಡಿದೆ ಎಂದುಕೊಂಡೆ. ಬಗ್ಗಿ ನೋಡಿದೆ. ಹಾಳೆ ಸೀಳಿರಲಿಲ್ಲ. ಪಟ್ಟಿಯೇ ಬೇರೆ ಚೀಟಿ. ನಕ್ಷೆಯ ಮೇಲೆ ಅಂಟಿಸಿದ್ದ ಚೀಟಿ, ನೀರಿಗೆ ಬಿಟ್ಟುಕೊಂಡಿತ್ತು. ಎರಡು ಬೆರಳಲ್ಲಿ ಹಿಡಿದೆ. ಏನೂ ಎಳೆಯಬೇಕಾಗಲಿಲ್ಲ. ಅದು ತಾನಾಗಿ ಬಂತು.

ಕೆಳಗೆ ಮನೆಗಳಿದ್ದವು.

ಹನ್ನೊಂದು ಚೌಕ. ಬಾವಿಯ ಸೊನ್ನೆ, ಇದ್ದ ಜಾಗದಲ್ಲೇ. ಹೊಳೆಗೆ ಇಳಿಯುವ ಕಾಲುದಾರಿ, ಇವತ್ತು ಬೆಳಗ್ಗೆ ನಾನು ನಡೆದು ಬಂದದ್ದು. ಪಕ್ಕದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರ: "ಹೊರೆಯಾಳುಗಳ ವಸತಿ, ಮನೆ ೧೧." ನೂರು ವರ್ಷ ಬಿಸಿಲು ಕಾಣದ ಶಾಯಿ, ನಿನ್ನೆ ಬರೆದಷ್ಟು ಕಪ್ಪಗಿತ್ತು. ನನಗೆ ಅಳು ಬಂತು. ಒದ್ದೆ ನಕ್ಷೆಯ ಮೇಲೆ ಉಪ್ಪು ನೀರು ಬೀಳಬಾರದು, ಅದಕ್ಕೇ ಮುಖ ಆ ಕಡೆ ತಿರುಗಿಸಿ ಅತ್ತುಬಿಟ್ಟೆ.

ಗೆರೆ ಮೇಷ್ಟ್ರು ಮೆಟ್ಟಿಲು ಇಳಿದು ಬರುತ್ತಿದ್ದರು. ಅವರು ನಮ್ಮ ಕಚೇರಿಯ ಹಳೆಯ ನಕ್ಷೆಗಾರ, ಬರುವ ವರ್ಷ ನಿವೃತ್ತಿ. ಮೇಲಿನವರಲ್ಲಿ ನನ್ನನ್ನು ಊಟ ಆಯ್ತಾ ಎಂದು ಕೇಳುವವರು ಅವರೊಬ್ಬರೇ. ಒಳ್ಳೆಯವರು, ಆದರೆ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಆಗೆಲ್ಲ ಹಾಗೇ ಮಾಡೋರಮ್ಮ. ಹೊಲದಲ್ಲಿ ನಿಂತು ಬರೆಯೋರು ಒಬ್ಬರು. ಅಚ್ಚಿಗೆ ಕಳಿಸೋಕೆ ಮುಂಚೆ ಕಚೇರೀಲಿ ಕೂತು ಪಟ್ಟಿ ಅಂಟಿಸೋರು ಇನ್ನೊಬ್ಬರು. ಎಲ್ಲಿ ಖಾಲಿ ಇರುತ್ತೋ ಅಲ್ಲಿ."

"ಇದು ಖಾಲಿ ಇತ್ತಾ ಮೇಷ್ಟ್ರೇ?"

"ಹಾಗಂತಲ್ಲ. ಬೇರೆ ಕಡೆ ಜಾಗ ಇರಲಿಲ್ಲವೇನೋ."

ನಾನು ಎಡ ಮೂಲೆ ತೋರಿಸಿದೆ. ಅಲ್ಲಿ ಜಮೀನುದಾರರ ಹಣ್ಣಿನ ತೋಪಿತ್ತು. ನಲವತ್ತಾರು ಮರ. ಬರೆದವರು ಒಂದೊಂದು ಮರಕ್ಕೂ ಒಂದೊಂದು ನೆರಳು ಹಾಕಿದ್ದರು.

"ತೋಪು ಮುಚ್ಚೋಕಾಗುತ್ತಾ? ಯಜಮಾನರು ಕೇಳ್ತಾರಲ್ಲ," ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ಮುಜುಗರವಾಯಿತು. ಊಟ ಆಯ್ತಾ ಎಂದರು. ಆಗಿಲ್ಲ ಎಂದೆ. ಅಂದು ಹೊಟ್ಟೆ ತುಂಬ ಸಿಟ್ಟಿತ್ತು, ಅದರಲ್ಲೇ ಸಂಜೆಯಾಯಿತು. ಮರಕ್ಕೆ ನೆರಳು ಬರೆಯಲು ಪುರುಸೊತ್ತಿದ್ದ ಜನ, ಮನುಷ್ಯರ ಮೇಲೆ ಕಾಗದ ಅಂಟಿಸಿ ಅಂಗೈಯಿಂದ ಒತ್ತಿದ್ದರು. ಹೇಗೆ ಒತ್ತುತ್ತಾರೆಂದು ನನಗೆ ಗೊತ್ತು. ಗುಳ್ಳೆ ಉಳಿಯಬಾರದೆಂದು ನಡುವಿನಿಂದ ಅಂಚಿನವರೆಗೆ ತೀಡುತ್ತಾರೆ.

ಮರುದಿನ, ನಾಲ್ಕೂ ತುಂಡನ್ನು ಹೊಸ ಬಟ್ಟೆಗೆ ಅಂಟಿಸಿ ಮುಗಿಸುವ ಹೊತ್ತಿಗೆ, ಸಾಹೇಬರು ಕೆಳಗಿಳಿದು ಬಂದರು. ಮೂಗಿನ ಮೇಲೆ ಕರವಸ್ತ್ರವಿತ್ತು. ನಕ್ಷೆ ನೋಡಿದಾಗ ಅದು ಜಾರಿತು.

"ಇದೇನಿದು?"

"ಮನೆಗಳು ಸಾರ್. ಹನ್ನೊಂದು."

"ಎಷ್ಟು ಅಂತ ಕೇಳಲಿಲ್ಲ. ಚೀಟಿ ಯಾಕೆ ಕಿತ್ತೆ?"

"ನಾನು ಕೀಳಲಿಲ್ಲ, ಅದೇ ಬಿಡ್ತು. ನೂರು ವರ್ಷ ಹಿಡ್ಕೊಂಡಿತ್ತಲ್ಲ, ಸುಸ್ತಾಗಿರಬೇಕು."

ಮೆಟ್ಟಿಲ ಮೇಲೆ ನಿಂತಿದ್ದ ಗೆರೆ ಮೇಷ್ಟ್ರಿಗೆ ಕೆಮ್ಮು ಬಂತು.

"ಇದ್ದ ಜಾಗಕ್ಕೇ ಅಂಟಿಸಿಬಿಡು. ನಾಳೆ ಬೆಳಗ್ಗೆ ವಿಚಾರಣೆ."

"ಕೆಳಗಿರೋದು ಸಾರ್?"

"ಕೆಳಗಿರೋದು ಕೆಳಗೇ ಇರಲಿ. ನಕ್ಷೆ ನಮ್ಮ ಕೈಗೆ ಹೇಗೆ ಬಂತೋ ಹಾಗೇ ಹೋಗಬೇಕು. ಹಿರಿಯರು ಮಾಡಿದ್ದನ್ನ ತಿದ್ದೋಕೆ ನಾವ್ಯಾರು?"

ಸಾಹೇಬರಿಗೆ ಹಿರಿಯರ ಮೇಲೆ ಇಷ್ಟು ಗೌರವವಿದ್ದದ್ದು ನನಗೆ ಅಂದೇ ತಿಳಿದದ್ದು. ನಾನು ಅಂಟು ಹುಳಿಯಾಗಿದೆ ಎಂದೆ. ಹೊಸದು ಮಾಡು ಎಂದರು. ಮೈದಾ ಮುಗಿದಿದೆ ಎಂದೆ. ತರಿಸುತ್ತೇನೆ ಎಂದರು. ಕುಂಚದ ಕೂದಲು ಉದುರಿದೆ ಎಂದೆ. ಮೇಲಿಂದ ಹೊಸ ಕುಂಚ ಬಂತು. ಹದಿನಾಲ್ಕು ವರ್ಷ ಬೇಡಿದರೂ ಬಾರದ ಕುಂಚ, ಅರ್ಧ ಗಂಟೆಯಲ್ಲಿ ಬಂತು. ನೆಪ ಬಡವರ ಮನೆ ಹಿಟ್ಟು, ಬೇಗ ಮುಗಿಯುತ್ತದೆ. ಆಮೇಲೆ ಉಳಿಯುವುದು ಒಂದೇ ಮಾತು.

"ಅಂಟಿಸಲ್ಲ ಸಾರ್."

"ಏನಂದೆ?"

"ನಾನು ಅಂಟಿಸಲ್ಲ."

ನನ್ನ ಧ್ವನಿ ಸಣ್ಣಗಿತ್ತು. ಮಂಡಿಯೂರಿಯೇ ಹೇಳಿದ್ದೆ. ಹೇಳಿದ ಮೇಲೆ ಎದ್ದು ನಿಂತೆ. ನಿಂತರೆ ನಾನು ಸಾಹೇಬರಿಗಿಂತ ಎತ್ತರ. ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಸಾಹೇಬರು ಧ್ವನಿಗೆ ಬೆಣ್ಣೆ ಹಚ್ಚಿದರು. "ನೋಡಮ್ಮ, ನಿನ್ನ ಕಾಯಂ ಫೈಲು ನನ್ನ ಮೇಜಿನ ಮೇಲಿದೆ. ಗೊತ್ತಲ್ಲ?"

"ಗೊತ್ತು ಸಾರ್. ಆರು ವರ್ಷದಿಂದ ಇದೆ. ಅದರ ಧೂಳು ಒರೆಸೋಳು ನಾನೇ."

"ಯಾರೋ ಏನೋ, ಆ ಕೇರಿಯವರಿಗಾಗಿ ನೀನ್ಯಾಕೆ ಕೆಲಸ ಕಳ್ಕೋತೀಯ?"

ನಾನು ಬಾವಿಯ ಪಕ್ಕದ ಎರಡನೇ ಚೌಕದ ಮೇಲೆ ಬೆರಳಿಟ್ಟೆ. "ರಾತ್ರಿ ಇಲ್ಲಿ ಮಲಗ್ತೀನಿ ಸಾರ್. ಇದು ನಮ್ಮತ್ತೆ ಒಲೆ."

ಅವರು ಬೆರಳು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಬೆರಳು ನೋಡಿದರು. ಅಂಟಿನ ವಾಸನೆಗೊಂದು ವಿಳಾಸವಿದೆ ಎಂದು ಅವರಿಗೆ ಆಗ ಹೊಳೆದಿರಬೇಕು. ನಾಳೆಯಿಂದ ಬರಬೇಡ ಎಂದರು. ಹಾಜರಿ ಪುಸ್ತಕದಲ್ಲೇ ಇಲ್ಲದವಳನ್ನು ತೆಗೆಯುವುದು ಹೇಗೆಂದು ಗುಮಾಸ್ತರು ಮೇಲೆ ತಲೆ ಕೆರೆದುಕೊಂಡರಂತೆ. ಅದು ನನ್ನ ತಲೆನೋವಲ್ಲ.

ಆಮೇಲೆ ಸಾಹೇಬರು ತೋಳು ಮಡಿಸಿ ತಾವೇ ಕುಳಿತರು. ಮಂಡಿಯೂರಲು ಬಾರದೆ ಚಕ್ಕಳಮಕ್ಕಳ ಹಾಕಿದರು. ಒಣ ಚೀಟಿಯ ಬೆನ್ನಿಗೆ ದೋಸೆಗೆ ಹಿಟ್ಟು ಹೊಯ್ದಂತೆ ಅಂಟು ಸುರಿದರು. ಚೀಟಿಯನ್ನು ಮೊದಲು ನೆನೆಸಿ, ಹಿಗ್ಗಲು ಬಿಟ್ಟು, ಆಮೇಲೆ ತೆಳ್ಳಗೆ ಬಳಿಯಬೇಕು. ಅಂಟಿಸಿ ಮೇಲೆ ಭಾರ ಇಟ್ಟು ಒಂದು ದಿನ ಒಣಗಿಸಬೇಕು. ಇಲ್ಲದಿದ್ದರೆ ಒಣಗುತ್ತ ಒಣಗುತ್ತ ಬಿಗಿದುಕೊಂಡು ಅಂಚು ಏಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಗೋಂದಮ್ಮ ಮಾಡುವುದರಲ್ಲಿ ಕಲಿಯುವಂಥದ್ದೇನಿದೆ? ಅವರ ಅಂಗಿಯ ತೋಳು, ಗಡಿಯಾರ, ಒಂದು ಹುಬ್ಬು, ಎಲ್ಲಕ್ಕೂ ಅಂಟು ಹತ್ತಿತು. ನಾನು ನನ್ನ ಊಟದ ಡಬ್ಬಿ ಎತ್ತಿಕೊಂಡು, ಆ ದಿನ ಮುಂಬಾಗಿಲಿಂದ ಹೊರಟೆ.

ವಿಚಾರಣೆ ನಡೆದದ್ದು ಸಂತೆ ಬೀದಿಯ ಒಂದು ಉದ್ದನೆಯ ಕೊಠಡಿಯಲ್ಲಿ. ಮೂವತ್ತನಾಲ್ಕು ಮನೆಯವರೂ ಬಂದು ಹಿಂದಿನ ಗೋಡೆಗೆ ಒರಗಿ ನಿಂತೆವು. ವಿಚಾರಣಾಧಿಕಾರಿ ಐವತ್ತರ ಹೆಂಗಸು, ದಾರ ಕಟ್ಟಿದ ಕನ್ನಡಕ, ನಗುವುದಿಲ್ಲ. ಸಾಹೇಬರು ಕಿಟಕಿ ಪಕ್ಕದ ಮೇಜಿನ ಮೇಲೆ ನಕ್ಷೆ ಬಿಚ್ಚಿದರು. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿತ್ತು.

"ನೋಡಿ ಮೇಡಂ. ಹೊಳೆ ಇದೆ, ದಾರಿ ಇದೆ, ತೋಪಿದೆ. ಇವರು ಹೇಳೋ ಕಡೆ ಒಂದೇ ಒಂದು ಮನೆಯೂ ಇಲ್ಲ."

ಹೇಳುತ್ತಿದ್ದಂತೆ ಪಟ್ಟಿಯ ಒಂದು ಮೂಲೆ ಎದ್ದಿತು. ಸಾಹೇಬರು ಮಾತು ನಿಲ್ಲಿಸದೆ ಅದರ ಮೇಲೆ ಪೆನ್ನಿಟ್ಟರು. ಇನ್ನೊಂದು ಮೂಲೆ ಎದ್ದಿತು. ಅದರ ಮೇಲೆ ಕನ್ನಡಕದ ಡಬ್ಬಿ. ಮೂರನೆಯದಕ್ಕೆ ನೀರಿನ ಲೋಟ. ನಾಲ್ಕನೆಯದಕ್ಕೆ ಇಡಲು ಏನೂ ಸಿಗದೆ ತಮ್ಮ ಮೊಣಕೈಯನ್ನೇ ಊರಿದರು. ಹಾಗೇ ಬಗ್ಗಿ ನಿಂತು ವಾದ ಮುಂದುವರಿಸಿದರು. ನಮ್ಮ ಕಡೆ ಒಂದು ಮಗು ಕಿಸಕ್ಕನೆ ನಕ್ಕಿತು.

"ನೀವು ಯಾಕೆ ಮೇಜಿನ ಮೇಲೆ ಮಲಗ್ತಿದೀರಿ?" ಎಂದು ಅಧಿಕಾರಿ ಕೇಳಿದರು. "ಎಲ್ಲ ತೆಗೀರಿ."

ತೆಗೆದರು. ಚೀಟಿ ಒಣ ಎಲೆಯಂತೆ ಸುರುಳಿಯಾಯಿತು. ಅಧಿಕಾರಿ ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದರು. ಎರಡು ಸಲ ಓದಿದರು. ಈ ಚೀಟಿ ಯಾವಾಗಿನದು ಎಂದು ಕೇಳಿದಾಗ ಸಾಹೇಬರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, ತಮ್ಮ ಜೊತೆ ಬಂದಿದ್ದ ಗೆರೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಎದ್ದರು. ಅಡ್ಡಗೋಡೆ ಹುಡುಕುತ್ತಾರೆ ಎಂದುಕೊಂಡೆ.

"ಅದು ಆಮೇಲೆ ಅಂಟಿಸಿದ್ದು ಮೇಡಂ. ಅಳೆದವರು ಕಣ್ಣಾರೆ ಕಂಡು ಬರೆದಿದ್ದು ಕೆಳಗಿರೋದು," ಎಂದು ನೇರ ಹೇಳಿ ಕುಳಿತರು.  ನಾನು ಅವರ ಹಳೆಯ ಮಾತನ್ನೆಲ್ಲ ಕ್ಷಮಿಸಿದೆ.

"ಹೊರೆಯಾಳುಗಳ ವಸತಿ, ಹನ್ನೊಂದು ಮನೆ," ಎಂದು ಅಧಿಕಾರಿ ಬರೆಸಿದರು. ಹಿಂದೆ ಗೋಡೆಯ ಹತ್ತಿರ ಉಸಿರು ಬಿಟ್ಟ ಸದ್ದಾಯಿತು.

ಸಾಹೇಬರು ಸೋತು ಮನೆಗೆ ಹೋಗುವ ಆಳಲ್ಲ. "ಸರಿ ಮೇಡಂ, ಹನ್ನೊಂದು. ಆದರೆ ಈಗಿರೋದು ಮೂವತ್ತನಾಲ್ಕು. ಹನ್ನೊಂದು ಉಳೀಲಿ. ಮಿಕ್ಕ ಇಪ್ಪತ್ತಮೂರು ಒತ್ತುವರಿ. ಉಗ್ರಾಣಕ್ಕೆ ಅಷ್ಟು ಜಾಗ ಸಾಕು."

ಅಧಿಕಾರಿ ಯೋಚಿಸಿದರು. ನಿಯಮ ಹಾಗೇ ಇತ್ತು. ಅವರು ನಮ್ಮ ಕಡೆ ತಿರುಗಿ, "ಈ ಹನ್ನೊಂದು ಮನೆಯವರು ಯಾರು? ಮುಂದೆ ಬಂದು ನಿಮ್ಮ ಮನೆ ತೋರಿಸಿ," ಎಂದರು.

ಯಾರೂ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾವುದು ಹಳೆ ಮನೆ, ಯಾರು ಗೋಡೆಗೆ ಗೋಡೆ ಹಚ್ಚಿ ಆಮೇಲೆ ಕಟ್ಟಿಕೊಂಡದ್ದು ಎಂದು ಎಲ್ಲರಿಗೂ ಗೊತ್ತು. ಬಾವಿ ಪಕ್ಕದ ಎರಡನೆಯದು ನಮ್ಮದು. ನನಗೆ ಆಸೆಯಾಯಿತು. ಸುಳ್ಳು ಹೇಳುವುದಿಲ್ಲ. ಕೆಲಸ ಹೋಗಿತ್ತು, ಮನೆಯಾದರೂ ಉಳಿಯಲಿ ಎನ್ನಿಸಿತು. ನನ್ನ ಬಲಕ್ಕೆ ನಿಂತವಳ ಮನೆ ನಕ್ಷೆಯಲ್ಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು. ನನ್ನ ಕಾಲು ಅರ್ಧ ಹೆಜ್ಜೆ ಮುಂದೆ ಹೋದದ್ದು ನನಗೇ ಕಂಡಿತು.

ಅಷ್ಟರಲ್ಲಿ ಅತ್ತೆ ನನ್ನನ್ನು ಸರಿಸಿ ಮುಂದೆ ನಡೆದರು. ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಹತ್ತಿರ ಹೋದರು.

"ತೋರಿಸಿ ಅಜ್ಜಿ. ನಿಮ್ಮದು ಯಾವುದು?"

ಅತ್ತೆ ಬಲಗೈ ಚಾಚಿದರು. ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳನ್ನು ಒತ್ತಿ ನೇರ ಮಾಡಿ, ಇಡೀ ಅಂಗೈಯನ್ನು ನಕ್ಷೆಯ ಮೇಲೆ ಇಟ್ಟರು. ಹನ್ನೊಂದು ಮನೆ, ಬಾವಿ, ಕಾಲುದಾರಿ, ಎಲ್ಲ ಅದರ ಕೆಳಗೆ ಹೋದವು.

"ಇದು," ಎಂದರು.

"ಹಾಗಲ್ಲ ಅಜ್ಜಿ. ಒಂದು ಮನೆ ತೋರಿಸಬೇಕು."

"ಒಂದೇ ತೋರಿಸ್ತಿದೀನಿ ತಾಯಿ. ಈ ಹನ್ನೊಂದು ಮನೆಯೋರು ಮಕ್ಕಳು ಹೆತ್ತರು. ಹೆತ್ತಿದ್ದು ತಪ್ಪು ಅಂತ ನಿಮ್ಮ ನಕ್ಷೆಯಲ್ಲಿ ಎಲ್ಲಾದ್ರೂ ಬರೆದಿದ್ರೆ ಓದಿ."

"ಕೈ ತೆಗೀಬೇಕು. ಹಳೆ ನಕ್ಷೆ, ಹಾಳಾಗುತ್ತೆ," ಎಂದು ಸಾಹೇಬರು ಮುಂದೆ ಬಂದರು. ಅಧಿಕಾರಿ ಅವರನ್ನು ತಡೆಯಲಿಲ್ಲ. ಅತ್ತೆಯೂ ಅವರ ಕಡೆ ತಿರುಗಲಿಲ್ಲ.

"ಮೂವತ್ತನಾಲ್ಕು ಅಂತ ಬರ್ಕೊಳ್ಳಿ. ಆಮೇಲೆ ತೆಗೀತೀನಿ."

ನಾನು ಹೋಗಿ ಅತ್ತೆಯ ಕೈಯ ಮೇಲೆ ನನ್ನ ಕೈ ಇಟ್ಟೆ. ನನ್ನ ಬಲಕ್ಕಿದ್ದವಳು ಬಂದಳು. ಅವಳ ಹಿಂದೆ ಇನ್ನೊಬ್ಬರು. ಹಿಂದಿನ ಗೋಡೆ ಖಾಲಿಯಾಗುತ್ತ ಬಂತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು, ಮುಚ್ಚಿದರು, ಕಿಟಕಿ ಹೊರಗೆ ನೋಡಿದರು.

ಅತ್ತೆ ಸಾಹೇಬರ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತರು. ಕೈ ಅಲ್ಲಿಂದ ಅಲುಗಲಿಲ್ಲ.

"ನಿಧಾನವಾಗಿ ಬರೀರಿ ತಾಯಿ," ಎಂದರು. "ನಮಗೇನೂ ಆತುರ ಇಲ್ಲ."